ಅಮೆರಿಕದ ಮೊದಲ ಜನ ಯಾರು? ಹಳೆಯ ಮೂಳೆಗಳ ಸಾಕ್ಷ್ಯ ಮತ್ತು ಅದರ ಸುತ್ತಲಿನ ರಾಜಕಾರಣ

1996ರ ಜುಲೈ 28. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆನ್ನೆವಿಕ್ ಎಂಬ ಊರಿನಲ್ಲಿ ಮೋಟಾರ್ ದೋಣಿಗಳ ರೇಸ್ ನಡೆಯುತ್ತಿತ್ತು. ನೋಡಲು ಬಂದಿದ್ದ ಇಬ್ಬರು ಯುವಕರಿಗೆ ಕೊಲಂಬಿಯಾ ನದಿಯ ಅಂಚಿನಲ್ಲಿ ಒಂದು ತಲೆಬುರುಡೆ ಸಿಕ್ಕಿತು. ಕೊಲೆ ಕೇಸ್ ಇರಬಹುದು ಅಂತ ಪೊಲೀಸರಿಗೆ ಸುದ್ದಿ ಹೋಯಿತು. ಪುರಾತತ್ವಜ್ಞ ಜೇಮ್ಸ್ ಚಾಟರ್ಸ್ ಅವರನ್ನು ಕರೆಸಿದರು. ಹುಡುಕುತ್ತಾ ಹೋದಂತೆ ಹೆಚ್ಚುಕಡಿಮೆ ಇಡೀ ಅಸ್ಥಿಪಂಜರವೇ ಸಿಕ್ಕಿತು. ಬುರುಡೆಯ ಆಕಾರ ನೋಡಿದ ಚಾಟರ್ಸ್, ಇದು ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿಗೆ ಬಂದ ಯಾರೋ ಬಿಳಿಯನದ್ದು ಅಂದುಕೊಂಡರು. ಆದರೆ ಸೊಂಟದ ಮೂಳೆಯೊಳಗೆ ಕಲ್ಲಿನ ಈಟಿಯ ಮೊನೆಯೊಂದು ಹೂತುಹೋಗಿತ್ತು, ಅದರ ಸುತ್ತ ಮೂಳೆ ಬೆಳೆದು ಗಾಯ ಮಾಗಿತ್ತು. ಕಾರ್ಬನ್ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು: ಈತ ಸುಮಾರು 9,000 ವರ್ಷಗಳ ಹಿಂದೆ ಬದುಕಿದ್ದವನು.

ಇಷ್ಟರಲ್ಲಿ ಚಾಟರ್ಸ್ ಬಳಸಿದ್ದ ಒಂದು ಪದ ಪತ್ರಿಕೆಗಳಿಗೆ ತಲುಪಿಯಾಗಿತ್ತು. ‘ಕಾಕಸಾಯ್ಡ್’, ಅಂದರೆ ಬಿಳಿಯರನ್ನು ಹೋಲುವ ಮುಖಲಕ್ಷಣ. ಅಲ್ಲಿಂದ ಶುರುವಾದ ಜಗಳ ಮುಗಿದದ್ದು 2017ರಲ್ಲಿ, ಆ ಮೂಳೆಗಳು ಮತ್ತೆ ಮಣ್ಣು ಸೇರಿದಾಗ. ಈ ನಡುವಿನ ಇಪ್ಪತ್ತು ವರ್ಷದಲ್ಲಿ ಅಮೆರಿಕ ಖಂಡಗಳ ಮೊದಲ ಜನರ ಬಗ್ಗೆ ನಮಗಿದ್ದ ತಿಳಿವಳಿಕೆ ಬುಡಮೇಲಾಯಿತು. ಆ ಬದಲಾವಣೆ ಹೇಗಾಯಿತು, ಅದು ರಾಜಕೀಯವಾಗಿ ಯಾಕೆ ಮುಖ್ಯ ಅನ್ನೋದನ್ನು ಒಂದೊಂದಾಗಿ ನೋಡೋಣ.

ಹಳೆಯ ಪಠ್ಯಪುಸ್ತಕದ ಕಥೆ

ನಾವೆಲ್ಲ ಓದಿದ ಕಥೆ ಸರಳವಾಗಿತ್ತು. ಹಿಮಯುಗದಲ್ಲಿ ಸಮುದ್ರದ ನೀರು ಮಂಜುಗಡ್ಡೆಯಾಗಿ ಕಟ್ಟಿಕೊಂಡಿದ್ದರಿಂದ ಸಮುದ್ರಮಟ್ಟ ಇಳಿದಿತ್ತು. ಸೈಬೀರಿಯಾ ಮತ್ತು ಅಲಾಸ್ಕ ನಡುವೆ ಬೆರಿಂಜಿಯಾ ಎಂಬ ಒಣ ನೆಲವಿತ್ತು. ಸುಮಾರು 13,000 ವರ್ಷಗಳ ಹಿಂದೆ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುತ್ತಾ ಜನ ಆ ನೆಲ ದಾಟಿ, ಎರಡು ಹಿಮಹಾಳೆಗಳ ನಡುವಿನ ಓಣಿಯಲ್ಲಿ ನಡೆದು ದಕ್ಷಿಣಕ್ಕೆ ಬಂದರು. ಅವರು ಮಾಡಿದ ವಿಶಿಷ್ಟ ಕಲ್ಲಿನ ಈಟಿಮೊನೆಗಳು ನ್ಯೂ ಮೆಕ್ಸಿಕೊದ ಕ್ಲೋವಿಸ್ ಊರಿನ ಬಳಿ ಸಿಕ್ಕಿದ್ದರಿಂದ ಅದಕ್ಕೆ ಕ್ಲೋವಿಸ್ ಸಂಸ್ಕೃತಿ ಅಂತ ಹೆಸರು.

ಈ ಕಥೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಮೂಳೆಗಳಲ್ಲ, ನೆಲೆಗಳು. ಚಿಲಿ ದೇಶದ ಮಾಂಟೆ ವರ್ಡೆಯಲ್ಲಿ ಟಾಮ್ ಡಿಲ್ಲೆಹೇ ತಂಡ ಅಗೆದ ವಸತಿ ಕ್ಲೋವಿಸ್‌ಗಿಂತ ಹಳೆಯದು ಎಂಬುದನ್ನು 1997ರಲ್ಲಿ ಅಲ್ಲಿಗೆ ಹೋದ ತಜ್ಞರ ತಂಡ ಒಪ್ಪಿತು. 2021ರಲ್ಲಿ ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್‌ನಲ್ಲಿ ಸಿಕ್ಕ ಮನುಷ್ಯರ ಹೆಜ್ಜೆಗುರುತುಗಳಿಗೆ 21,000ದಿಂದ 23,000 ವರ್ಷ ವಯಸ್ಸು ಅಂತ ಲೆಕ್ಕ ಹಾಕಲಾಯಿತು. ಆ ಲೆಕ್ಕವನ್ನು ಕೆಲವರು ಪ್ರಶ್ನಿಸಿದರು, 2023ರಲ್ಲಿ ಬೇರೆ ವಿಧಾನಗಳಿಂದ ಮಾಡಿದ ಪರೀಕ್ಷೆಯೂ ಅದೇ ಕಾಲವನ್ನು ತೋರಿಸಿತು.

ಹೆಜ್ಜೆಗುರುತು ‘ಇಲ್ಲಿ ಜನ ಇದ್ದರು’ ಅಂತ ಹೇಳುತ್ತದೆ. ಅವರು ಯಾರು, ಯಾರ ಪೂರ್ವಜರು, ಏನು ತಿಂದರು ಅಂತ ಹೇಳಲು ದೇಹ ಬೇಕು. ತೊಂದರೆ ಏನೆಂದರೆ, ಎರಡು ಇಡೀ ಖಂಡಗಳಲ್ಲಿ 12,000 ವರ್ಷ ದಾಟಿದ ಅಸ್ಥಿಪಂಜರಗಳು ಬೆರಳೆಣಿಕೆಯಷ್ಟು ಮಾತ್ರ. ಹಾಗಾಗಿ ಸಿಕ್ಕ ಒಂದೊಂದು ಮೂಳೆಯ ಮೇಲೂ ವಿಪರೀತ ಭಾರ ಬೀಳುತ್ತದೆ.

ಬುರುಡೆ ಅಳೆಯುವ ವಿದ್ಯೆಗೊಂದು ಇತಿಹಾಸವಿದೆ

ಡಿಎನ್‌ಎ ಓದುವ ತಂತ್ರ ಬರುವ ಮುಂಚೆ ವಿಜ್ಞಾನಿಗಳ ಕೈಯಲ್ಲಿದ್ದ ಮುಖ್ಯ ಸಾಧನ ಅಳತೆಪಟ್ಟಿ. ಬುರುಡೆಯ ಉದ್ದ, ಅಗಲ, ಮೂಗಿನ ಎತ್ತರ, ಕೆನ್ನೆಮೂಳೆಯ ಚಾಚು ಅಳೆದು, ಇವತ್ತಿನ ಯಾವ ಜನರ ಜೊತೆ ಹೋಲುತ್ತದೆ ಅಂತ ನೋಡುವುದು. ಇದಕ್ಕೆ ಕೊಳಕು ಚರಿತ್ರೆಯಿದೆ. ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್ 1839ರಲ್ಲಿ ಅಮೆರಿಕದ ಬುರುಡೆಗಳ ಬಗ್ಗೆ ಪುಸ್ತಕ ಬರೆದು, ಮಿದುಳಿನ ಗಾತ್ರದ ಮೇಲೆ ಜನಾಂಗಗಳಿಗೆ ಶ್ರೇಣಿ ಕಟ್ಟಿದ. 1860ರ ದಶಕದ ಕೊನೆಯಲ್ಲಿ ಅಮೆರಿಕ ಸೇನೆಯ ವೈದ್ಯಕೀಯ ಮುಖ್ಯಸ್ಥರ ಕಚೇರಿ ಮೂಲನಿವಾಸಿಗಳ ಬುರುಡೆಗಳನ್ನು ಸಂಗ್ರಹಿಸಿ ಕಳಿಸುವಂತೆ ಸೇನಾ ವೈದ್ಯರಿಗೆ ಸೂಚಿಸಿತು. ಯುದ್ಧಭೂಮಿಯಿಂದ, ಗೋರಿಗಳಿಂದ ಸಾವಿರಾರು ಬುರುಡೆಗಳು ಮ್ಯೂಸಿಯಂ ಸೇರಿದವು.

ಇದರ ಜೊತೆಗೇ ಇನ್ನೊಂದು ಕಥೆ ಓಡಾಡುತ್ತಿತ್ತು. ಮಿಸಿಸಿಪ್ಪಿ ಮತ್ತು ಒಹಾಯೊ ಕಣಿವೆಗಳ ದೊಡ್ಡ ಮಣ್ಣಿನ ದಿಬ್ಬಗಳನ್ನು ಕಟ್ಟಿದ್ದು ಈಗಿನ ‘ಇಂಡಿಯನ್ನರು’ ಅಲ್ಲ, ಅವರಿಗಿಂತ ಮುಂಚಿನ ಯಾವುದೋ ಶ್ರೇಷ್ಠ ಜನಾಂಗ, ಇವರು ಅವರನ್ನು ನಾಶಮಾಡಿ ಬಂದವರು ಅನ್ನುವ ಕಥೆ. ಮೂಲನಿವಾಸಿಗಳನ್ನು ಅವರ ನೆಲದಿಂದ ಒಕ್ಕಲೆಬ್ಬಿಸುವ ಕಾಯ್ದೆ ಬಂದ 1830ರಲ್ಲೇ, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಂಸತ್ತಿಗೆ ಕಳಿಸಿದ ವಾರ್ಷಿಕ ಸಂದೇಶದಲ್ಲಿ ಈ ಕಥೆಯನ್ನು ಬಳಸಿಕೊಂಡ. ತರ್ಕ ಸ್ಪಷ್ಟವಾಗಿತ್ತು: ನೀವೂ ಹೊರಗಿನವರೇ, ನೀವೂ ಒಬ್ಬರನ್ನು ಓಡಿಸಿದವರೇ, ಈಗ ನಿಮ್ಮನ್ನು ಓಡಿಸಿದರೆ ತಪ್ಪೇನು?

ಆದ್ದರಿಂದ 1996ರಲ್ಲಿ ‘ಕಾಕಸಾಯ್ಡ್’ ಎಂಬ ಪದ ಕೇಳಿದ ಕೂಡಲೇ ಬುಡಕಟ್ಟುಗಳು ಯಾಕೆ ಸಿಟ್ಟಾದವು ಅನ್ನೋದು ಅರ್ಥವಾಗಬೇಕು. ಅವರಿಗದು ಹಳೆಯ ಹಾಡಿನ ಮರುಪ್ರಸಾರ. ಬುರುಡೆಯ ಮೇಲೆ ಕಟ್ಟಿದ ಮುಖದ ಪ್ರತಿಕೃತಿ ಹಾಲಿವುಡ್ ನಟ ಪ್ಯಾಟ್ರಿಕ್ ಸ್ಟೀವರ್ಟ್ ಥರ ಇದೆ ಅಂತ ಪತ್ರಿಕೆಗಳು ಬರೆದವು. ಪ್ರಾಚೀನ ಯುರೋಪಿನ ದೇವರುಗಳನ್ನು ಪೂಜಿಸುವ ಒಂದು ಗುಂಪು ‘ಈತ ನಮ್ಮವನು’ ಅಂತ ಕೋರ್ಟಿಗೂ ಹೋಯಿತು.

ಇಲ್ಲಿ ವೈಜ್ಞಾನಿಕ ಸಮಸ್ಯೆಯೂ ಇತ್ತು. ಬುರುಡೆಯ ಆಕಾರ ಕಲ್ಲಿನಲ್ಲಿ ಕೆತ್ತಿದ್ದಲ್ಲ. ನ್ಯೂಯಾರ್ಕಿಗೆ ವಲಸೆ ಬಂದ ಯುರೋಪಿಯನ್ನರು ಮತ್ತು ಅವರ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆಗಳನ್ನು ಅಳೆದ ಮಾನವಶಾಸ್ತ್ರಜ್ಞ ಫ್ರಾನ್ಸ್ ಬೋಯಾಸ್, ಒಂದೇ ತಲೆಮಾರಿನಲ್ಲಿ ಅಳತೆ ಬದಲಾಗುವುದನ್ನು 1910ರ ದಶಕದಲ್ಲೇ ತೋರಿಸಿದ್ದರು. ಬದಲಾವಣೆ ಎಷ್ಟು ದೊಡ್ಡದು ಎಂಬ ಬಗ್ಗೆ ಆಮೇಲೆ ವಾದಗಳಾಗಿವೆ ನಿಜ. ಆದರೆ 9,000 ವರ್ಷ ಅಂದರೆ ಮುನ್ನೂರಕ್ಕೂ ಹೆಚ್ಚು ತಲೆಮಾರು. ಅಷ್ಟು ಕಾಲದಲ್ಲಿ ಆಹಾರ, ಹವೆ, ಆಕಸ್ಮಿಕ ಬದಲಾವಣೆಗಳಿಂದ ಮೊಮ್ಮಕ್ಕಳ ಮುಖ ಅಜ್ಜನ ಮುಖದ ಹಾಗೆ ಇರದಿದ್ದರೆ ಆಶ್ಚರ್ಯವೇನಿಲ್ಲ.

ಐದು ದೇಹಗಳು, ಒಂದೇ ಉತ್ತರ

ಈಗ ಒಂದೊಂದೇ ಸಾಕ್ಷಿಯನ್ನು ನೋಡೋಣ.

ಆನ್‌ಝಿಕ್ ಮಗು, ಮೊಂಟಾನ. 1968ರಲ್ಲಿ ಆನ್‌ಝಿಕ್ ಕುಟುಂಬದ ಜಮೀನಿನಲ್ಲಿ ಸಿಕ್ಕಿದ್ದು. ಎರಡು ವರ್ಷವೂ ತುಂಬದ ಗಂಡುಮಗು. ಜೊತೆಗೆ ಕೆಮ್ಮಣ್ಣು ಬಳಿದ ನೂರಕ್ಕೂ ಹೆಚ್ಚು ಕಲ್ಲು ಮತ್ತು ಮೂಳೆಯ ಉಪಕರಣಗಳು. ಇಷ್ಟು ಚಿಕ್ಕ ಕೂಸಿಗೆ ಇಷ್ಟೊಂದು ವಸ್ತುಗಳನ್ನು ಇಟ್ಟು ಹೂಳಿದರೆಂದರೆ ಆ ಸಮುದಾಯ ಎಷ್ಟು ನೊಂದಿರಬೇಕು ಯೋಚಿಸಿ. ವಯಸ್ಸು ಸುಮಾರು 12,700 ವರ್ಷ ಅಥವಾ ಅದಕ್ಕೂ ತುಸು ಹೆಚ್ಚು. ಕ್ಲೋವಿಸ್ ಉಪಕರಣಗಳ ಜೊತೆ ಸಿಕ್ಕಿರುವ ಏಕೈಕ ಅಸ್ಥಿ ಇದು. ಡೆನ್ಮಾರ್ಕಿನ ಎಸ್ಕೆ ವಿಲ್ಲರ್‌ಸ್ಲೆವ್ ತಂಡ 2014ರಲ್ಲಿ ಇದರ ಇಡೀ ಜೀನೋಮ್ ಪ್ರಕಟಿಸಿತು. ಮಗು ಸೇರಿದ್ದ ಜನಸಮುದಾಯ ಇವತ್ತಿನ ಬಹುಪಾಲು ಮೂಲನಿವಾಸಿಗಳಿಗೆ ಪೂರ್ವಜ. ಕ್ಲೋವಿಸ್ ಜನ ಅಟ್ಲಾಂಟಿಕ್ ಹಿಮದಂಚಿನಲ್ಲಿ ದೋಣಿಯಲ್ಲಿ ಬಂದ ಯುರೋಪಿಯನ್ನರು ಎಂಬ ‘ಸೊಲ್ಯೂಟ್ರಿಯನ್’ ವಾದಕ್ಕೆ, ಬಿಳಿಯ ಪಾರಮ್ಯವಾದಿಗಳಿಗೆ ಬಹಳ ಇಷ್ಟವಾಗಿದ್ದ ವಾದಕ್ಕೆ, ಇದರಿಂದ ಆಧಾರವೇ ತಪ್ಪಿತು.

ನಾಯಾ, ಮೆಕ್ಸಿಕೊ. ಯುಕಟಾನ್ ಪ್ರದೇಶದ ನೀರು ತುಂಬಿದ ಗುಹೆಯ ಆಳದಲ್ಲಿರುವ ಹೊಯೊ ನೆಗ್ರೊ ಎಂಬ ಹೊಂಡದಲ್ಲಿ 2007ರಲ್ಲಿ ಮುಳುಗುಗಾರರಿಗೆ ಸಿಕ್ಕ ಹದಿಹರೆಯದ ಹುಡುಗಿ. ಆ ಕಾಲಕ್ಕೆ ಸಮುದ್ರಮಟ್ಟ ಕಡಿಮೆ ಇದ್ದು ಗುಹೆ ಒಣಗಿತ್ತು. ಬಹುಶಃ ಕತ್ತಲಲ್ಲಿ ಜಾರಿ ಬಿದ್ದಿದ್ದಾಳೆ. 12,000ದಿಂದ 13,000 ವರ್ಷ ಹಳೆಯದು. ಮುಖಲಕ್ಷಣ ಇಂದಿನ ಮೂಲನಿವಾಸಿಗಳ ಹಾಗಿಲ್ಲ. ಆದರೆ ತಾಯಿಯ ಕಡೆಯಿಂದ ಬರುವ ಮೈಟೋಕಾಂಡ್ರಿಯಾ ಡಿಎನ್‌ಎ ಅಮೆರಿಕ ಖಂಡಗಳಲ್ಲಿ ಮಾತ್ರ ಕಾಣುವ ಡಿ1 ಗುಂಪಿನದ್ದು. ಮುಖ ಬೇರೆ, ವಂಶ ಅದೇ. 2014ರಲ್ಲಿ ಈ ಸಂಶೋಧನೆ ಪ್ರಕಟಿಸಿದ ತಂಡದ ಮುಂದಾಳು ಅದೇ ಜೇಮ್ಸ್ ಚಾಟರ್ಸ್. ಆಕಾರದ ವ್ಯತ್ಯಾಸಕ್ಕೆ ಬೇರೆ ವಲಸೆ ಕಾರಣವಲ್ಲ, ಇಲ್ಲೇ ನಡೆದ ವಿಕಾಸ ಕಾರಣ ಎಂಬ ನಿಲುವಿಗೆ ಅವರೇ ಬಂದರು.

ಲೂಝಿಯಾ, ಬ್ರೆಜಿಲ್. ಮಿನಾಸ್ ಜೆರಾಯಿಸ್ ರಾಜ್ಯದ ಲಾಗೋವಾ ಸಾಂತಾ ಪ್ರದೇಶದಲ್ಲಿ 1970ರ ದಶಕದಲ್ಲಿ ಸಿಕ್ಕ ಯುವತಿ. ಸುಮಾರು 11,500 ವರ್ಷ ಹಳೆಯದು. ವಾಲ್ಟರ್ ನೆವೆಸ್ ಎಂಬ ಮಾನವಶಾಸ್ತ್ರಜ್ಞರು ಬುರುಡೆ ಅಳೆದು, ಈಕೆ ಆಫ್ರಿಕ ಮತ್ತು ಆಸ್ಟ್ರೇಲಿಯಾ-ಮೆಲನೇಷಿಯಾದ ಜನರನ್ನು ಹೋಲುತ್ತಾಳೆ, ಅಂದರೆ ಮೊದಲು ಬಂದ ಅಲೆಯೇ ಬೇರೆ ಅಂತ ವಾದಿಸಿದರು. ಆಫ್ರಿಕನ್ ಚಹರೆಯ ಆಕೆಯ ಮುಖದ ಪ್ರತಿಕೃತಿ ಬ್ರೆಜಿಲ್‌ನಲ್ಲಿ ಮನೆಮಾತಾಯಿತು. 2018ರ ಸೆಪ್ಟೆಂಬರ್ 2ರಂದು ರಿಯೊದ ರಾಷ್ಟ್ರೀಯ ಮ್ಯೂಸಿಯಂ ಬೆಂಕಿಗೆ ಆಹುತಿಯಾದಾಗ ಬುರುಡೆಯೂ ಹೋಯಿತು ಅಂದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಅವಶೇಷಗಳಡಿ ಬಹುಪಾಲು ತುಣುಕುಗಳು ಸಿಕ್ಕವು. ಅದೇ ವರ್ಷ ನವೆಂಬರ್‌ನಲ್ಲಿ, ಲಾಗೋವಾ ಸಾಂತಾದ ಅದೇ ಸಮುದಾಯದ ಬೇರೆ ದೇಹಗಳ ಡಿಎನ್‌ಎ ಫಲಿತಾಂಶ ಬಂತು. ಅವರು ಆನ್‌ಝಿಕ್ ಮಗುವಿನ ವಂಶಕ್ಕೆ ಹತ್ತಿರದ ಮೂಲನಿವಾಸಿಗಳೇ ಆಗಿದ್ದರು.

ಸ್ಪಿರಿಟ್ ಕೇವ್ ದೇಹ, ನೆವಾಡ. 1940ರಲ್ಲಿ ಸಿಕ್ಕ, ಮೊಲದ ಚರ್ಮದ ಹೊದಿಕೆ ಮತ್ತು ಜೊಂಡಿನ ಚಾಪೆಯಲ್ಲಿ ಸುತ್ತಿದ್ದ, ಚರ್ಮದ ಪಾದರಕ್ಷೆ ತೊಟ್ಟ ಗಂಡಸು. ಒಣಹವೆಗೆ ದೇಹ ಹಾಗೇ ಉಳಿದಿತ್ತು. ಎರಡು ಸಾವಿರ ವರ್ಷದ್ದಿರಬಹುದು ಅಂತ ದಶಕಗಟ್ಟಲೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು. 1990ರ ದಶಕದಲ್ಲಿ ಪರೀಕ್ಷಿಸಿದರೆ 10,000 ವರ್ಷ ದಾಟಿತ್ತು. ಫ್ಯಾಲನ್ ಪಯೂಟ್-ಶೊಶೋನಿ ಬುಡಕಟ್ಟು ದೇಹ ಕೇಳಿದಾಗ, ಸಂಬಂಧ ಸಾಬೀತಾಗಿಲ್ಲ ಅಂತ ಸರ್ಕಾರ ಕೊಡಲಿಲ್ಲ. ಡಿಎನ್‌ಎ ಸಂಬಂಧ ತೋರಿಸಿದ ಮೇಲೆ 2016ರಲ್ಲಿ ಹಿಂದಿರುಗಿಸಿತು.

ಕೊನೆಗೆ ಕೆನ್ನೆವಿಕ್ ಮನುಷ್ಯ. 2015ರಲ್ಲಿ ಕೈಮೂಳೆಯ ತುಣುಕಿನಿಂದ ತೆಗೆದ ಡಿಎನ್‌ಎ ಫಲಿತಾಂಶ ಬಂತು. ಜಗತ್ತಿನ ಯಾವ ಜನರಿಗಿಂತಲೂ ಈತ ಹತ್ತಿರವಿದ್ದದ್ದು ಅಮೆರಿಕದ ಮೂಲನಿವಾಸಿಗಳಿಗೆ. ಹೋಲಿಕೆಗೆ ತಮ್ಮ ಮಾದರಿ ಕೊಟ್ಟಿದ್ದ ಕೊಲ್ವಿಲ್ ಬುಡಕಟ್ಟಿನ ಜೊತೆ ಸ್ಪಷ್ಟ ನಂಟಿತ್ತು. ಯುರೋಪಿನ ಜೊತೆ ವಿಶೇಷ ಸಂಬಂಧ ಏನೂ ಇರಲಿಲ್ಲ.

ಹಾಗಾದರೆ ಅವರು ಬಂದದ್ದೆಲ್ಲಿಂದ?

ಇಲ್ಲೊಂದು ಸ್ವಾರಸ್ಯವಿದೆ. ಸೈಬೀರಿಯಾದ ಬೈಕಾಲ್ ಸರೋವರದ ಬಳಿಯ ಮಾಲ್ಟಾದಲ್ಲಿ 1920ರ ದಶಕದಲ್ಲಿ ಅಗೆದ, 24,000 ವರ್ಷ ಹಳೆಯ ಒಬ್ಬ ಹುಡುಗನ ಮೂಳೆಗಳಿವೆ. ಮಾನಸಾ ರಾಘವನ್ ಮೊದಲ ಲೇಖಕಿಯಾಗಿರುವ 2013ರ ಸಂಶೋಧನೆ ಅವನ ಜೀನೋಮ್ ಓದಿತು. ಮೂಲನಿವಾಸಿ ಅಮೆರಿಕನ್ನರ ವಂಶದ ಸುಮಾರು ಮೂರನೇ ಒಂದು ಭಾಗ ಈ ಹುಡುಗನ ಜನರಿಂದ ಬಂದದ್ದು, ಉಳಿದದ್ದು ಪೂರ್ವ ಏಷ್ಯಾದ ಕಡೆಯಿಂದ. ಮಾಲ್ಟಾ ಜನರ ವಂಶದ ಇನ್ನೊಂದು ಕವಲು ಪಶ್ಚಿಮಕ್ಕೆ ಹೋಗಿ ಬಹಳ ಕಾಲದ ನಂತರ ಯುರೋಪಿಯನ್ನರಲ್ಲೂ ಸೇರಿಕೊಂಡಿತು. ಹಿಂದೆ ಕೆಲವು ಪರೀಕ್ಷೆಗಳಲ್ಲಿ ಕಂಡಿದ್ದ ‘ಯುರೋಪಿಯನ್ ಛಾಯೆ’ಗೆ ಈ ಸಮಾನ ಪೂರ್ವಜರೇ ಕಾರಣ. ಯುರೋಪಿನಿಂದ ಯಾರೂ ಬರಬೇಕಾಗಿರಲಿಲ್ಲ.

ಅಲಾಸ್ಕದ ಅಪ್‌ವರ್ಡ್ ಸನ್ ರಿವರ್‌ನಲ್ಲಿ 11,500 ವರ್ಷಗಳ ಹಿಂದೆ ಹೂಳಿದ್ದ ಇಬ್ಬರು ಹಸುಗೂಸುಗಳಲ್ಲಿ ಒಂದರ ಜೀನೋಮ್ 2018ರಲ್ಲಿ ಪ್ರಕಟವಾಯಿತು. ಅದು ಅದುವರೆಗೆ ಗೊತ್ತೇ ಇರದಿದ್ದ ಕವಲೊಂದನ್ನು ತೋರಿಸಿತು. ಈ ‘ಪ್ರಾಚೀನ ಬೆರಿಂಜಿಯನ್ನರು’ ಉಳಿದ ಮೂಲನಿವಾಸಿಗಳ ಪೂರ್ವಜರಿಂದ ಸುಮಾರು 20,000 ವರ್ಷಗಳ ಹಿಂದೆ ಬೇರೆಯಾಗಿದ್ದರು. ದಕ್ಷಿಣಕ್ಕೆ ಇಳಿದ ಗುಂಪು ಆಮೇಲೆ ಉತ್ತರ ಮತ್ತು ದಕ್ಷಿಣ ಎಂದು ಎರಡು ಕವಲಾಯಿತು. ದಕ್ಷಿಣದ ಕವಲು ನೆವಾಡದಿಂದ ಬ್ರೆಜಿಲ್‌ವರೆಗೆ ಬಹಳ ಬೇಗ ಹರಡಿತು. ಸ್ಪಿರಿಟ್ ಕೇವ್ ಮತ್ತು ಲಾಗೋವಾ ಸಾಂತಾ ಜನರ ನಡುವಿನ ಸಾಮೀಪ್ಯ ಇದಕ್ಕೆ ಸಾಕ್ಷಿ.

ಅಂಡಮಾನ್ ಎಳೆ

ಕಥೆ ಪೂರ್ತಿ ಮುಗಿದಿಲ್ಲ, ಬಗೆಹರಿಯದ ಗಂಟೊಂದು ಉಳಿದಿದೆ. ಅದಕ್ಕೆ ಭಾರತದ ನಂಟೂ ಇದೆ. 2015ರಲ್ಲಿ ಅಮೆಜಾನ್ ಕಾಡಿನ ಸುರೂಯಿ ಮತ್ತು ಕರಿಚಿಯಾನ ಜನರ ಡಿಎನ್‌ಎಯಲ್ಲಿ ಒಂದು ಸಣ್ಣ ಎಳೆ ಕಂಡಿತು. ಅದು ಹತ್ತಿರವಿದ್ದದ್ದು ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿಯ ಮೂಲಜನರಿಗೆ ಮತ್ತು ನಮ್ಮ ಲಿಟ್ಲ್ ಅಂಡಮಾನ್ ದ್ವೀಪದ ಓಂಗೆ ಸಮುದಾಯಕ್ಕೆ. 2018ರಲ್ಲಿ ಲಾಗೋವಾ ಸಾಂತಾದ 10,000 ವರ್ಷ ದಾಟಿದ ಒಂದು ದೇಹದಲ್ಲೂ ಈ ಎಳೆ ಸಿಕ್ಕಿತು. ಆದರೆ ಆನ್‌ಝಿಕ್ ಮಗುವಿನಲ್ಲಿ ಇಲ್ಲ, ಸ್ಪಿರಿಟ್ ಕೇವ್ ದೇಹದಲ್ಲೂ ಇಲ್ಲ.

ಹಾಗಂತ ಅಂಡಮಾನಿನಿಂದ ಯಾರೋ ದೋಣಿ ಹತ್ತಿ ಬ್ರೆಜಿಲ್‌ಗೆ ಹೋದರು ಅಂತ ವಾಟ್ಸಾಪ್ ಫಾರ್ವರ್ಡ್ ಮಾಡಬೇಡಿ. ಏಷ್ಯಾದಲ್ಲಿ ಬಹಳ ಹಿಂದೆ ಇದ್ದ ಒಂದು ಜನಸಮುದಾಯದ ಪಾಲು ಒಂದು ಕಡೆ ಓಂಗೆಗಳಲ್ಲಿ, ಇನ್ನೊಂದು ಕಡೆ ಬೆರಿಂಜಿಯಾ ದಾಟಿದ ಕೆಲವರಲ್ಲಿ ಉಳಿದಿರಬಹುದು ಅನ್ನುವುದು ಹೆಚ್ಚು ಒಪ್ಪಿತವಾದ ವಿವರಣೆ. ನೆವೆಸ್ ಅವರ ವಾದದಲ್ಲಿ ಸತ್ಯದ ತುಣುಕು ಇತ್ತೇ? ಆ ಎಳೆ ಕೆಲವೇ ಶೇಕಡಾ, ಅದೂ ಕೆಲವರಲ್ಲಿ ಮಾತ್ರ. ಬೇರೆಯೇ ಜನಾಂಗ ಮೊದಲು ಬಂದು ಪೂರ್ತಿ ನಾಶವಾಯಿತು ಅನ್ನಲು ಅದು ಸಾಲದು.

ವಂಶ ಬಿಟ್ಟು ಮೂಳೆ ಹೇಳುವ ಸಂಗತಿಗಳು

ಎಲ್ಲಿಂದ ಬಂದರು ಅನ್ನುವ ಪ್ರಶ್ನೆಯ ಗದ್ದಲದಲ್ಲಿ ಹೇಗೆ ಬದುಕಿದರು ಅನ್ನುವುದು ಮರೆಯಾಗುತ್ತದೆ. ನಾವು ತಿಂದ ಆಹಾರದ ರಾಸಾಯನಿಕ ಗುರುತು, ಅಂದರೆ ಐಸೋಟೋಪ್‌ಗಳು, ಮೂಳೆಯಲ್ಲಿ ಉಳಿಯುತ್ತವೆ. ಆನ್‌ಝಿಕ್ ಮಗು ತಾಯಿಹಾಲು ಕುಡಿಯುತ್ತಿದ್ದುದರಿಂದ ಅವನ ಮೂಳೆಯಿಂದ ತಾಯಿಯ ಊಟವನ್ನು ಲೆಕ್ಕ ಹಾಕಬಹುದು. 2024ರ ಅಧ್ಯಯನದ ಪ್ರಕಾರ ಆಕೆಯ ಆಹಾರದಲ್ಲಿ ಸುಮಾರು ಶೇ. 40ರಷ್ಟು ಮ್ಯಾಮತ್ ಮಾಂಸವೇ ಇತ್ತು. ಕೆನ್ನೆವಿಕ್ ಮನುಷ್ಯ ತಿಂದದ್ದು ಹೆಚ್ಚಾಗಿ ಸಮುದ್ರ ಮೂಲದ ಆಹಾರ. ಈಟಿ ಸೊಂಟಕ್ಕೆ ನಾಟಿದ ಮೇಲೂ ಆತ ವರ್ಷಗಟ್ಟಲೆ ಬದುಕಿದ. ಯಾರೋ ಆರೈಕೆ ಮಾಡದೆ ಅದು ಕಷ್ಟ. ನಾಯಾಳ ಸೊಂಟದ ಮೂಳೆಯಲ್ಲಿ ಹೆರಿಗೆಯ ಗುರುತಿರಬಹುದು ಅನ್ನುತ್ತಾರೆ ಸಂಶೋಧಕರು. ಹದಿನಾರು ದಾಟದ ಹುಡುಗಿ.

ಮೂಳೆ ಯಾರ ಸ್ವತ್ತು?

1990ರಲ್ಲಿ ಅಮೆರಿಕದಲ್ಲಿ ಒಂದು ಮುಖ್ಯ ಕಾಯ್ದೆ ಬಂತು. ‘ನ್ಯಾಗ್‌ಪ್ರಾ’ ಅಂತ ಕರೆಯುವ ಈ ಕಾಯ್ದೆ, ಮೂಲನಿವಾಸಿಗಳ ಮೂಳೆಗಳನ್ನೂ ಸಮಾಧಿಯ ವಸ್ತುಗಳನ್ನೂ ಆಯಾ ಬುಡಕಟ್ಟಿಗೆ ಹಿಂದಿರುಗಿಸಬೇಕು ಅನ್ನುತ್ತದೆ. ಇದರಡಿ ಉಮಟಿಲಾ, ಯಾಕಮಾ, ನೆಝ್ ಪರ್ಸ್, ಕೊಲ್ವಿಲ್, ವನಾಪಮ್ ಎಂಬ ಐದು ಸಮುದಾಯಗಳು ಕೆನ್ನೆವಿಕ್ ಮನುಷ್ಯನನ್ನು ಕೇಳಿದವು. ಅವರ ಮಟ್ಟಿಗೆ ಆತ ‘ಹಿರೀಕ’. ಎಂಟು ಮಂದಿ ಮಾನವಶಾಸ್ತ್ರಜ್ಞರು ತಡೆ ಕೋರಿ ಕೇಸ್ ಹಾಕಿದರು. 2004ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ವಿಜ್ಞಾನಿಗಳ ಪರ ತೀರ್ಪು ಕೊಟ್ಟಿತು. ಕಾಯ್ದೆಯ ವ್ಯಾಖ್ಯಾನದಲ್ಲಿ ವರ್ತಮಾನ ಕಾಲದ ಕ್ರಿಯಾಪದ ಇದೆ, ಹಾಗಾಗಿ ಈಗ ಇರುವ ಬುಡಕಟ್ಟಿನ ಜೊತೆ ಸಂಬಂಧ ತೋರಿಸಬೇಕು, ಇಲ್ಲಿ ಅದು ಸಾಬೀತಾಗಿಲ್ಲ ಎಂಬುದು ಅದರ ತರ್ಕ. ಹೀಗೆ ಒಂದು ವ್ಯಾಕರಣದ ಅಂಶದ ಮೇಲೆ 9,000 ವರ್ಷದ ಮನುಷ್ಯ ‘ಮೂಲನಿವಾಸಿ ಅಲ್ಲ’ ಅಂತಾಯಿತು. 2015ರ ಡಿಎನ್‌ಎ ಬಂದ ಮೇಲೆ 2016ರ ಡಿಸೆಂಬರ್‌ನಲ್ಲಿ ಬರಾಕ್ ಒಬಾಮ ಸಹಿ ಹಾಕಿದ ಕಾನೂನಿನಿಂದ ಮೂಳೆಗಳು ಬುಡಕಟ್ಟುಗಳಿಗೆ ಹೋದವು. 2017ರ ಫೆಬ್ರವರಿ 18ರಂದು ಇನ್ನೂರಕ್ಕೂ ಹೆಚ್ಚು ಜನ ಸೇರಿ, ಜಾಗ ಬಹಿರಂಗಪಡಿಸದೆ ಹೂಳಿದರು.

‘ಬುಡಕಟ್ಟುಗಳು ವಿಜ್ಞಾನದ ವಿರೋಧಿಗಳು’ ಅಂತ ಆಗ ಬಹಳ ಜನ ಬರೆದರು. ಅದೇ 1996ರ ಜುಲೈನಲ್ಲಿ ಅಲಾಸ್ಕದ ಪ್ರಿನ್ಸ್ ಆಫ್ ವೇಲ್ಸ್ ದ್ವೀಪದ ಗುಹೆಯಲ್ಲಿ 10,000 ವರ್ಷ ದಾಟಿದ ಮೂಳೆಗಳು ಸಿಕ್ಕಿದ್ದವು. ಅಲ್ಲಿ ಮೊದಲೇ ಟ್ಲಿಂಗಿಟ್ ಸಮುದಾಯದ ಜೊತೆ ಮಾತಾಡಿದರು. ಅವರು ಉತ್ಖನನಕ್ಕೂ ಪರೀಕ್ಷೆಗೂ ಒಪ್ಪಿದರು. ಡಿಎನ್‌ಎ ಸಿಕ್ಕಿತು, ಸಮುದ್ರದ ಆಹಾರ ತಿನ್ನುತ್ತಿದ್ದನೆಂದು ಗೊತ್ತಾಯಿತು, 2008ರಲ್ಲಿ ಗೌರವದಿಂದ ಹೂಳಿದರು. ಕೋರ್ಟಿಲ್ಲ, ಕಚೇರಿಯಿಲ್ಲ. ಎರಡು ಪ್ರಕರಣಗಳ ನಡುವಿನ ವ್ಯತ್ಯಾಸ ಮೊದಲು ಕೇಳಿದರೋ ಇಲ್ಲವೋ ಅನ್ನುವುದು ಮಾತ್ರ. ಕೆನ್ನೆವಿಕ್ ಜಗಳವನ್ನು ಕೊನೆಗೆ ಬಗೆಹರಿಸಿದ್ದೂ ಒಂದು ಬುಡಕಟ್ಟು ತಾನಾಗಿ ಕೊಟ್ಟ ಡಿಎನ್‌ಎ ಅನ್ನೋದನ್ನು ಮರೆಯಬಾರದು.

ಕಾಯ್ದೆ ಬಂದು ಮೂರು ದಶಕವಾದರೂ 2023ರ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಅವಶೇಷಗಳು ಅಮೆರಿಕದ ಮ್ಯೂಸಿಯಂ ಮತ್ತು ವಿಶ್ವವಿದ್ಯಾಲಯಗಳಲ್ಲೇ ಇದ್ದವು. 2024ರ ಜನವರಿಯಿಂದ ಜಾರಿಯಾದ ಹೊಸ ನಿಯಮಗಳು ಪ್ರದರ್ಶನಕ್ಕೂ ಸಂಶೋಧನೆಗೂ ಬುಡಕಟ್ಟುಗಳ ಒಪ್ಪಿಗೆ ಕಡ್ಡಾಯ ಮಾಡಿವೆ. ಈ ಪ್ರಶ್ನೆ ನಮಗೂ ದೂರದ್ದಲ್ಲ. ಬ್ರಿಟಿಷರ ಕಾಲದಲ್ಲಿ ಕೊಂಡೊಯ್ದ ನಾಗಾ ಪೂರ್ವಜರ ಅವಶೇಷಗಳು ಇವತ್ತಿಗೂ ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿವೆ, ವಾಪಸ್ ತರುವ ಮಾತುಕತೆ ನಡೆಯುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಹರಾಜೊಂದರಲ್ಲಿ ನಾಗಾ ಬುರುಡೆಯೊಂದು ಮಾರಾಟದ ಪಟ್ಟಿಯಲ್ಲಿತ್ತು. ನಾಗಾಲ್ಯಾಂಡ್‌ನಿಂದ ಪ್ರತಿಭಟನೆ ಬಂದ ಮೇಲೆ ಅದನ್ನು ಕೈಬಿಟ್ಟರು.

‘ಎಲ್ಲರೂ ವಲಸೆ ಬಂದವರೇ’ ಅನ್ನುವ ವಾದ

ಈ ಎಲ್ಲದರ ಕೊನೆಗೆ ಒಂದು ಜಾಣ ವಾದ ಬರುತ್ತದೆ: ಅವರೂ ಏಷ್ಯಾದಿಂದ ಬಂದವರು, ಇವರು ಯುರೋಪಿನಿಂದ ಬಂದವರು, ಮೊದಲು ನಂತರ ಅಷ್ಟೇ ತಾನೆ? ಅನೇಕ ಬುಡಕಟ್ಟುಗಳು ‘ನಾವು ಹುಟ್ಟಿದ್ದೇ ಇಲ್ಲಿ’ ಅಂತ ನಂಬುತ್ತವೆ, ಬೆರಿಂಜಿಯಾ ಕಥೆಯನ್ನು ಅನುಮಾನದಿಂದ ನೋಡುತ್ತವೆ. ಅದರ ಹಿಂದೆ ಈ ವಾದದ ಕಹಿ ಅನುಭವವಿದೆ. ಡಿಎನ್‌ಎ ಆ ನಂಬಿಕೆಯನ್ನು ಅಕ್ಷರಶಃ ಸಮರ್ಥಿಸುವುದಿಲ್ಲ. ಆದರೆ ಯಾರೂ ಇರದ ನೆಲಕ್ಕೆ ಬಂದು ಹತ್ತು ಹನ್ನೆರಡು ಸಾವಿರ ವರ್ಷ ಬೇರುಬಿಟ್ಟವರನ್ನೂ, ಜನರಿದ್ದ ನೆಲಕ್ಕೆ ಬಂದು ಅವರನ್ನು ಎಬ್ಬಿಸಿದವರನ್ನೂ ‘ವಲಸಿಗರು’ ಎಂಬ ಒಂದೇ ಚೀಲಕ್ಕೆ ಹಾಕಲು ಅದು ಅವಕಾಶವನ್ನೂ ಕೊಡುವುದಿಲ್ಲ.

ಇನ್ನೊಂದು ಮಾತು. ಯಾಕಮಾ, ಉಮಟಿಲಾ, ನೆಝ್ ಪರ್ಸ್ ಜನರ ನೆಲ ಮತ್ತು ಮೀನುಗಾರಿಕೆಯ ಹಕ್ಕು ನಿಂತಿರುವುದು 1855ರಲ್ಲಿ ಅಮೆರಿಕ ಸರ್ಕಾರ ಅವರ ಜೊತೆ ಸಹಿ ಹಾಕಿದ ಒಪ್ಪಂದಗಳ ಮೇಲೆ. ಕೆನ್ನೆವಿಕ್ ಮನುಷ್ಯನ ಡಿಎನ್‌ಎ ಬೇರೆ ಏನೇ ಹೇಳಿದ್ದರೂ ಆ ಸಹಿ ಅಳಿಸಿಹೋಗುತ್ತಿರಲಿಲ್ಲ. ವಂಶ ಪರೀಕ್ಷೆಯಲ್ಲಿ ಗೆದ್ದವರಿಗೆ ಮಾತ್ರ ಹಕ್ಕು ಅನ್ನುವ ಮಾತು ಇವತ್ತು ನಮ್ಮ ಪರವಾಗಿ ಕಂಡರೂ, ನಾಳೆ ಹೊಸದೊಂದು ಮೂಳೆ ಸಿಕ್ಕಾಗ ಯಾರ ವಿರುದ್ಧ ಬೇಕಾದರೂ ತಿರುಗಬಹುದು. ಮೂಳೆಗಳಿಂದ ಚರಿತ್ರೆ ಕಲಿಯೋಣ. ಪೌರತ್ವದ, ನೆಲದ, ಘನತೆಯ ತೀರ್ಮಾನವನ್ನು ಮಾತ್ರ ಬದುಕಿರುವವರ ನಡುವಿನ ನ್ಯಾಯಕ್ಕೆ ಬಿಡೋಣ.